ಬೌಂಡರಿ ಆಚೆ: ಶಬ್ದವಿಲ್ಲದ ವಿಡಿಯೋ

ಪರೀಕ್ಷೆ ಇದ್ದುದರಿಂದ ಕಳೆದ ತಿಂಗಳು ಈ ಅಂಕಣ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲೂ ಇಲ್ಲ, ಇರಲಿ.

ಈ ಸಲ ನಿಮಗೊಂದು ಪ್ರಯೋಗ ಹೇಳುತ್ತೇನೆ. ಐಪಿಎಲ್ ಪಂದ್ಯ ನಮಗೆ ಇಲ್ಲಿ ಸಂಜೆ ಐದು ಗಂಟೆಗೆ ಶುರುವಾಗುತ್ತದಲ್ಲ, ಅದಕ್ಕೆ ಅರ್ಧ ಗಂಟೆ ಮೊದಲು ಟಿವಿ ಹಾಕಿ. ಚರ್ಚೆಯವರು ಕೂತಿರುತ್ತಾರೆ. ಶಬ್ದ ಪೂರ್ತಿ ತೆಗೆದು ಐದು ನಿಮಿಷ ಅವರ ಮುಖ ಮಾತ್ರ ನೋಡಿ. ನನ್ನ ಅಪ್ಪ ಇದನ್ನು ದಿನಾ ಮಾಡುತ್ತಾರೆ. ಕೈ ಬೀಸುವುದು, ಹುಬ್ಬು ಏರಿಸುವುದು ನೋಡಿದರೆ ದೇಶದಲ್ಲಿ ಏನೋ ಅನಾಹುತ ಆಗಿದೆ ಅನಿಸುತ್ತದೆ. ಶಬ್ದ ಕೊಟ್ಟರೆ ಗೊತ್ತಾಗುತ್ತದೆ, ಯಾರೋ ಒಬ್ಬರ ಸ್ಟ್ರೈಕ್ ರೇಟ್ 130 ಇದೆ, 150 ಇರಬೇಕಿತ್ತು.

ಗಲಾಟೆ ನನಗೆ ಇಷ್ಟವಿಲ್ಲ ಅಂತಲ್ಲ. ಥುಕ್ಬಾದಲ್ಲಿ ನಾನು ಕೂದಲು ಕತ್ತರಿಸಿಕೊಳ್ಳುವ ಸಲೂನಿನಲ್ಲಿ ಅರಬಿ ಫುಟ್‌ಬಾಲ್ ಕಾಮೆಂಟರಿ ಓಡುತ್ತಿರುತ್ತದೆ. ನಮ್ಮ ಅಲ್ ಖೋಬರ್‌ನ ಅಲ್ ಖಾದಿಸಿಯಾ ಗೋಲು ಹೊಡೆದರೆ ಕಾಮೆಂಟೇಟರ್ ಉಸಿರು ಕಟ್ಟುವವರೆಗೆ ಕೂಗುತ್ತಾನೆ, ಕತ್ತರಿ ಹಿಡಿದವರ ಕೈ ನಿಲ್ಲುತ್ತದೆ, ನನ್ನ ಕಿವಿ ಉಳಿಯುತ್ತದೆ. ಅದು ಸಂತೋಷದ ಕೂಗು. ನಾನು ಹೇಳುತ್ತಿರುವುದು ಇನ್ನೊಂದು ಬಗೆಯ ಕೂಗಿನ ಬಗ್ಗೆ. ಅದಕ್ಕೆ ಕೆ.ಎಲ್. ರಾಹುಲ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ನಮ್ಮಜ್ಜಿ ಮನೆ ಮೂಲ್ಕಿಯಲ್ಲಿ. ಮಂಗಳೂರಿನಿಂದ ಅಲ್ಲಿಗೆ ಹೋಗುವಾಗಲೆಲ್ಲ ಸುರತ್ಕಲ್ ಹತ್ತಿರ ಎನ್‌ಐಟಿಕೆ ಬಂದ ಕೂಡಲೇ ಮಾವ ಕಾರು ನಿಧಾನ ಮಾಡಿ "ರಾಹುಲ್ ಬೆಳೆದ ಜಾಗ" ಅನ್ನುತ್ತಾರೆ. ಹಾಗಾಗಿ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

2023ರ ಫೆಬ್ರವರಿ ನೆನಪಿದೆಯಾ? ಆಸ್ಟ್ರೇಲಿಯಾ ವಿರುದ್ಧ ನಾಗ್ಪುರದಲ್ಲಿ ರಾಹುಲ್ 20, ದೆಹಲಿಯಲ್ಲಿ 17 ಮತ್ತು 1. ವೆಂಕಟೇಶ್ ಪ್ರಸಾದ್ ಟ್ವಿಟರ್‌ನಲ್ಲಿ ಬರೆದರು. ಹೌದು, 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ ಆಮೀರ್ ಸೊಹೇಲ್ ಸ್ಟಂಪ್ ಹಾರಿಸಿದ ಅದೇ ಪ್ರಸಾದ್. ಅವರು ಎತ್ತಿದ ಪ್ರಶ್ನೆ ತಪ್ಪಲ್ಲ. ದೆಹಲಿ ಟೆಸ್ಟ್ ಮುಗಿದಾಗ ರಾಹುಲ್ 47 ಟೆಸ್ಟ್‌ಗಳಲ್ಲಿ ಹೊಡೆದದ್ದು 2642 ರನ್, ಸರಾಸರಿ 33.44. ಆರಂಭಿಕ ಆಟಗಾರನಿಗೆ ಅದು ಕಡಿಮೆಯೇ. ಆದರೆ ಪ್ರಸಾದ್ ಅಷ್ಟಕ್ಕೆ ನಿಲ್ಲಿಸಲಿಲ್ಲ, ಆಯ್ಕೆ ನಡೆದದ್ದು ಆಟ ನೋಡಿ ಅಲ್ಲ, ಪಕ್ಷಪಾತದಿಂದ ಎಂದರು. ಸರಾಸರಿಯನ್ನು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಪಕ್ಷಪಾತವನ್ನು ಹೇಗೆ ಲೆಕ್ಕ ಹಾಕುವುದು? ಆಯ್ಕೆ ಸಮಿತಿಯ ಕೋಣೆಯಲ್ಲಿ ನಾವ್ಯಾರೂ ಇರಲಿಲ್ಲ. ಆಕಾಶ್ ಚೋಪ್ರಾ ಯೂಟ್ಯೂಬ್‌ನಲ್ಲಿ ವಿದೇಶದ ಪಿಚ್‌ಗಳ ಅಂಕಿಅಂಶ ಹಿಡಿದು ಉತ್ತರ ಕೊಟ್ಟರು. ಪ್ರಸಾದ್ ಚೋಪ್ರಾರ ಹಳೇ ಟ್ವೀಟ್ ಹುಡುಕಿ ತೆಗೆದರು. ಎರಡು ದಿನದಲ್ಲಿ ಮಾತು ರಾಹುಲ್ ಬ್ಯಾಟಿಂಗ್ ಬಿಟ್ಟು ಪ್ರಸಾದ್ ವರ್ಸಸ್ ಚೋಪ್ರಾ ಆಯಿತು. ಆ ಗಲಾಟೆಯಲ್ಲಿ ರಾಹುಲ್‌ನ ಕಾಲು ಎಲ್ಲಿ ತಪ್ಪುತ್ತಿದೆ, ಬ್ಯಾಟ್ ಎಲ್ಲಿ ತಡವಾಗುತ್ತಿದೆ ಅಂತ ಹೇಳಿದವರ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ನನಗೆ ಬೇಕಿದ್ದದ್ದು ಅದೇ!

ಆಮೇಲಿನದು ನಿಮಗೆ ಗೊತ್ತು. ಉಪನಾಯಕ ಪಟ್ಟ ಹೋಯಿತು, ಇಂದೋರ್‌ನಲ್ಲಿ ಶುಭ್‌ಮನ್ ಗಿಲ್ ಬಂದರು. ಅಕ್ಟೋಬರ್‌ನಲ್ಲಿ ಚೆನ್ನೈಯಲ್ಲಿ 2 ರನ್‌ಗೆ 3 ವಿಕೆಟ್ ಬಿದ್ದಾಗ ರಾಹುಲ್ ಅಜೇಯ 97 ಹೊಡೆದರು, ದೇವರಾದರು. ನವೆಂಬರ್ 19ರ ಫೈನಲ್‌ನಲ್ಲಿ 107 ಎಸೆತಕ್ಕೆ 66, ಒಂದೇ ಬೌಂಡರಿ. ಮತ್ತೆ ವಿಲನ್. ಡಿಸೆಂಬರ್‌ನಲ್ಲಿ ಸೆಂಚುರಿಯನ್‌ನಲ್ಲಿ 101, ಮತ್ತೆ ದೇವರು. ಆ ದಿನ ಅವರೇ ಹೇಳಿದರು, ಇವತ್ತು ನೂರು ಹೊಡೆದೆ ಅಂತ ಹೊಗಳುತ್ತಿದ್ದಾರೆ, ಕೆಲವು ತಿಂಗಳ ಹಿಂದೆ ಬೈಯುತ್ತಿದ್ದರು, ಇದೆಲ್ಲ ತಮಗೆ ತಟ್ಟುವುದಿಲ್ಲ ಅನ್ನುವವರು ಸುಳ್ಳು ಹೇಳುತ್ತಾರೆ ಅಂತ. ದೊಡ್ಡ ಆಟಗಾರರಿಗೆ ಇದೆಲ್ಲ ಮಾಮೂಲು ಅಂದುಕೊಂಡಿದ್ದೆ ನಾನು.

ಇಷ್ಟೆಲ್ಲ ಕೂಗಿಗೆ ಕಾರಣ ಏನು? ಒಂದು ಲೆಕ್ಕ ಮಾಡಿ. 2023ರಿಂದ 2027ರವರೆಗೆ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಮಾರಿದಾಗ ಲೆಕ್ಕಕ್ಕೆ ಹಿಡಿದದ್ದು 410 ಪಂದ್ಯ. ಒಂದಕ್ಕೆ 118 ಕೋಟಿ. ಆಟವಂತೂ ಮೂರೂವರೆ ನಾಲ್ಕು ಗಂಟೆ. ಕೊಟ್ಟ ದುಡ್ಡು ಬರಬೇಕಾದರೆ ಆಟ ಇಲ್ಲದ ಹೊತ್ತಿನಲ್ಲೂ ನಾವು ನೋಡುತ್ತಿರಬೇಕು. "ಅವನು ಚೆನ್ನಾಗಿ ಆಡಲಿಲ್ಲ, ಮುಂದಿನ ಸಲ ನೋಡೋಣ" ಅಂದರೆ ಯಾರು ನೋಡುತ್ತಾರೆ? 2024ರ ಮೇ ತಿಂಗಳಲ್ಲಿ ಸುನಿಲ್ ಗವಾಸ್ಕರ್ ಪ್ರಸಾರದಲ್ಲೇ ಸಿಟ್ಟಾದರು. ಕಾಮೆಂಟರಿ ಬಾಕ್ಸ್‌ನಲ್ಲಿ ಕೂತು ಮಾತಾಡುವವರ ಬಗ್ಗೆ ಕೊಹ್ಲಿ ಹೇಳಿದ್ದ ತುಣುಕನ್ನು ಚಾನೆಲ್ ಮತ್ತೆ ಮತ್ತೆ ಹಾಕುತ್ತಿತ್ತು. ಅದು ಅವರದೇ ಕಾಮೆಂಟೇಟರ್‌ಗಳಿಗೆ ಬೈದದ್ದು! ಆದರೂ ಹಾಕುತ್ತಿದ್ದರು, ಯಾಕೆಂದರೆ ನಾವು ನೋಡುತ್ತಿದ್ದೆವು.

ಅದೇ ವಾರ, ಮೇ 8. ಲಕ್ನೋ ಹೊಡೆದ 165 ರನ್ನನ್ನು ಹೈದರಾಬಾದ್ 9.4 ಓವರ್‌ನಲ್ಲಿ ವಿಕೆಟ್ ಹೋಗದೆ ಮುಗಿಸಿತು. ಆಮೇಲೆ ಮೈದಾನದಲ್ಲಿ ಲಕ್ನೋ ತಂಡದ ಮಾಲೀಕ ಸಂಜೀವ್ ಗೋಯೆಂಕಾ ಕೈ ಆಡಿಸುತ್ತಾ ಮಾತಾಡುತ್ತಿದ್ದಾರೆ, ನಾಯಕ ರಾಹುಲ್ ಸುಮ್ಮನೆ ನಿಂತಿದ್ದಾರೆ. ಆ ವಿಡಿಯೋ ನೀವೆಲ್ಲ ನೋಡಿದ್ದೀರಿ. ಅದರಲ್ಲಿ ಒಂದು ಶಬ್ದ ಕೇಳಿಸುವುದಿಲ್ಲ. ಒಂದೂ! ಆದರೆ ನಮ್ಮ ವಾಟ್ಸಾಪ್ ಗ್ರೂಪಿಗೆ ಆ ರಾತ್ರಿ ಬಂದ ಫಾರ್ವರ್ಡ್‌ಗಳಲ್ಲಿ ಗೋಯೆಂಕಾ ಏನಂದರು ಅಂತ ನಾಲ್ಕು ಬೇರೆ ಬೇರೆ ಡೈಲಾಗ್ ಇತ್ತು. ಒಂದು ಭೋಜಪುರಿಯಲ್ಲಿ. ಕೋಚ್ ಲ್ಯಾನ್ಸ್ ಕ್ಲೂಸ್ನರ್ ಅದು ಚಹಾ ಕಪ್ಪಿನ ಬಿರುಗಾಳಿ ಎಂದು ಹೇಳಿ ಮುಗಿಸಿದರು, ಅದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ? ನವೆಂಬರ್‌ನಲ್ಲಿ ನಮ್ಮ ಜೆದ್ದಾದಲ್ಲೇ ಹರಾಜು ನಡೆದು ರಾಹುಲ್ 14 ಕೋಟಿಗೆ ದೆಹಲಿಗೆ ಹೋದರು. 2025ರ ಏಪ್ರಿಲ್ 22ರಂದು ಲಕ್ನೋ ವಿರುದ್ಧ ಅಜೇಯ 57 ಹೊಡೆದು, ಗೋಯೆಂಕಾ ಕೈ ಕುಲುಕಿ ಮುಂದೆ ನಡೆದರು. ಮತ್ತೆ ಶಬ್ದವಿಲ್ಲದ ವಿಡಿಯೋ, ಮತ್ತೆ ನೂರು ಡೈಲಾಗ್. ಅದೇ ದಿನ ಅವರು ಐಪಿಎಲ್‌ನಲ್ಲಿ ಎಲ್ಲರಿಗಿಂತ ಕಡಿಮೆ ಇನಿಂಗ್ಸ್‌ನಲ್ಲಿ, 130ರಲ್ಲಿ, 5000 ರನ್ ಮುಗಿಸಿದ್ದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇಲ್ಲಿಗೆ ನಿಲ್ಲಿಸಿದರೆ ನಾನು ತುಂಬಾ ಒಳ್ಳೆಯ ಹುಡುಗ ಅಂತ ಆಗುತ್ತದೆ. ಹಾಗಾಗಿ ಇದನ್ನೂ ಬರೆಯುತ್ತೇನೆ.

ನಾವು ಶುಕ್ರವಾರ ಬೆಳಿಗ್ಗೆ ಖಾಲಿ ಜಾಗದಲ್ಲಿ ಟೆನಿಸ್ ಬಾಲ್ ಆಡುತ್ತೇವೆ. ಮಾರ್ಚ್‌ಗೆ ಮೊದಲು ಒಂದು ಪಂದ್ಯದಲ್ಲಿ ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ಪಿಚ್ ಮಧ್ಯೆ ನಿಂತು ರನ್ ಔಟ್ ಆದ. ಬ್ಯಾಟ್ ಬಿದ್ದಿತ್ತು, ಮುಖ ಪೆಚ್ಚಾಗಿತ್ತು. ಯಾರೋ ವಿಡಿಯೋ ಮಾಡಿದ್ದರು. ನಾನು ಅದನ್ನು ತೆಗೆದುಕೊಂಡು ಅವನ ತಲೆ ಸುತ್ತ ಕೆಂಪು ವೃತ್ತ ಹಾಕಿ, ಬಾಣ ಹಾಕಿ, ಟಿವಿಯವರ ಧ್ವನಿಯಲ್ಲಿ "ಇವನನ್ನು ತಂಡಕ್ಕೆ ತಂದವರು ಯಾರು? ದೇಶ ಉತ್ತರ ಕೇಳುತ್ತಿದೆ" ಅಂತ ಮಾತಾಡಿ ಗ್ರೂಪಿಗೆ ಹಾಕಿದೆ. ಮೂವತ್ತೆಂಟು ನಗುವ ಇಮೋಜಿ. ಎಣಿಸಿದ್ದೆ.

ಅವನು ಮುಂದಿನ ಶುಕ್ರವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಹೋಮ್‌ವರ್ಕ್ ಅಂದ. ಅವನ ಅಮ್ಮ ನನ್ನ ಅಮ್ಮನ ಹತ್ತಿರ, ಅವನು ಬ್ಯಾಟ್ ಮಂಚದ ಕೆಳಗೆ ಇಟ್ಟಿದ್ದಾನೆ, ಏನಾಯಿತೋ ಗೊತ್ತಿಲ್ಲ ಅಂದರಂತೆ. ಅಮ್ಮ ನನ್ನನ್ನು ಕೇಳಿದರು. ನಾನು ವಿಡಿಯೋ ತೋರಿಸಿದೆ, ಅಮ್ಮ ನಗಲಿಲ್ಲ. "ಅವನು ಯಾಕೆ ಓಡಿದ?" ಅಂದರು.

ಆ ವಿಡಿಯೋ ಎಂಟು ಸೆಕೆಂಡಿನದು. ನಿಜವಾದದ್ದು ಹದಿನೈದು ಸೆಕೆಂಡ್ ಇತ್ತು, ಮೊದಲಿನದನ್ನು ನಾನೇ ಕತ್ತರಿಸಿದ್ದೆ. ಅದರಲ್ಲಿ ಎದುರು ತುದಿಯಿಂದ ಒಬ್ಬ "ಬಾ ಬಾ ಬಾ" ಅಂತ ಕೂಗಿ, ಅರ್ಧ ಓಡಿ, ಮತ್ತೆ ವಾಪಸ್ ಹೋಗುತ್ತಾನೆ. ಆ ಒಬ್ಬ ನಾನು.

ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ರಾಹುಲ್ ಆರ್‌ಸಿಬಿ ವಿರುದ್ಧ ಅಜೇಯ 93 ಹೊಡೆದು, ಕಾಂತಾರ ಸಿನಿಮಾದ ಹಾಗೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಬ್ಯಾಟ್ ಊರಿದರಲ್ಲ, ಅದನ್ನು ನೋಡಿದ ರಾತ್ರಿ ಹದಿನೈದು ಸೆಕೆಂಡಿನ ವಿಡಿಯೋವನ್ನು ಗ್ರೂಪಿಗೆ ಹಾಕಿದೆ. ಬಾಣ ಹಾಕಲಿಲ್ಲ, "ಕೂಗಿದವನು ನಾನು" ಅಂತ ಮಾತ್ರ ಬರೆದೆ. ನಾಲ್ಕು ಜನ ನೋಡಿದರು, ಒಬ್ಬರು ಹೆಬ್ಬೆರಳು ಒತ್ತಿದರು. ಮೂವತ್ತೆಂಟು ಎಲ್ಲಿ, ಒಂದು ಎಲ್ಲಿ.

ಈ ಶುಕ್ರವಾರ ಬಿಸಿಲು ಏರುವ ಮೊದಲು, ಬೆಳಿಗ್ಗೆ ಐದೂವರೆಗೆ ಆಟ ಇದೆ. ಅವನು ಬರುತ್ತಾನಂತೆ. ಆದರೆ ನನ್ನ ಜೊತೆ ಬ್ಯಾಟಿಂಗ್‌ಗೆ ಇಳಿಯುವುದಿಲ್ಲವಂತೆ.