ಗೃಹವೈದ್ಯ: ‘ಅಟೆಲೆಕ್ಟಾಸಿಸ್’ ಎಂದರೇನು?

ಮಗುವಿನ ಎದೆಯ ಚಿತ್ರವನ್ನು ತೆಗೆಯಿಸಿದಾಗ ವೈದ್ಯರ ಚೀಟಿಯಲ್ಲಿ ‘ಕೊಲ್ಯಾಪ್ಸ್’ ಇಲ್ಲವೆ ‘ಅಟೆಲೆಕ್ಟಾಸಿಸ್’ ಎಂಬ ಶಬ್ದವನ್ನು ಕಂಡು ಮನೆಮಂದಿಯೆಲ್ಲ ಎದೆಗೆಡುವುದುಂಟು. ಮೊದಲನೆಯ ಶಬ್ದಕ್ಕೆ ಕುಸಿದು ಬೀಳುವುದೆಂಬ ಅರ್ಥವಿರುವುದರಿಂದ ಪ್ರಾಣಕ್ಕೇ ಸಂಚಕಾರ ಬಂದಿತೆಂದು ಹಲವರು ಬಗೆಯುವರು. ಆದುದರಿಂದ ಈ ಸಲ ಈ ಶಬ್ದಗಳ ಅರ್ಥವನ್ನೇ ವಿಚಾರಿಸೋಣ.

ಅಟೆಲೆಕ್ಟಾಸಿಸ್ ಎಂಬುದು ಗ್ರೀಕ್ ಮೂಲದ ಮಾತು. ‘ಅಟೆಲೆಸ್’ ಎಂದರೆ ಅಪೂರ್ಣ. ‘ಎಕ್ಟಾಸಿಸ್’ ಎಂದರೆ ಹಿಗ್ಗುವಿಕೆ. ಪುಪ್ಪುಸವು ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳ ಗೊಂಚಲು. ಗಾಳಿಯ ದಾರಿ ಎಲ್ಲಿಯಾದರೂ ಮುಚ್ಚಿತೆಂದರೆ ಅದರಾಚೆಯ ಚೀಲಗಳಲ್ಲಿ ಉಳಿದ ಗಾಳಿಯನ್ನು ರಕ್ತವು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಹೊಸ ಗಾಳಿ ಬಾರದೆ ಆ ಭಾಗವು ಮುದುಡಿಕೊಳ್ಳುತ್ತದೆ. ‘ನ್ಯೂಮೋಥೊರಾಕ್ಸ್’ ಬೇರೆ. ಅಲ್ಲಿ ಪುಪ್ಪುಸಕ್ಕೂ ಎದೆಯ ಗೋಡೆಗೂ ನಡುವೆ ಗಾಳಿ ಸೇರಿ ಪುಪ್ಪುಸವನ್ನು ಹೊರಗಿನಿಂದ ಕುಗ್ಗಿಸುತ್ತದೆ. ಎರಡನ್ನೂ ‘ಕೊಲ್ಯಾಪ್ಸ್’ ಎನ್ನುವುದುಂಟಾದರೂ ಚಿಕಿತ್ಸೆ ಒಂದೇ ಅಲ್ಲ.

ಹೀಗೆ ಅಟೆಲೆಕ್ಟಾಸಿಸ್ ರೋಗದ ಹೆಸರಲ್ಲ, ಪುಪ್ಪುಸದ ಒಂದು ಸ್ಥಿತಿಯ ಹೆಸರು. ಅದಕ್ಕೆ ಕಾರಣವಾವುದೆಂದು ಕೇಳತಕ್ಕದ್ದು. ಶಸ್ತ್ರಕ್ರಿಯೆಯಾದವರಲ್ಲಿ ಕಟ್ಟಿಕೊಂಡ ಕಫವು ಕಾರಣವಾಗಬಹುದು. ಚಿಕ್ಕ ಮಕ್ಕಳಲ್ಲಿ ಹಲವು ಸಲ ಒಂದು ಶೇಂಗಾ ಕಾಳು!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಶೇಂಗಾ ಇಲ್ಲದ ಮನೆಯುಂಟೆ? ಹೋಳಿಗೆಗೆಂದು ಹುರಿದ ಕಾಳು ಮೊರದಲ್ಲಿ ಆರುತ್ತಿರುವಾಗ ಕೂಸು ಕೈಹಾಕುತ್ತದೆ. ದವಡೆಹಲ್ಲು ಬಲಿಯದ ಕೂಸು ಅದನ್ನು ಅಗಿಯಲಾರದು. ನಗುವಾಗಲೋ ಅಳುವಾಗಲೋ ಅರೆಕಾಳು ಶ್ವಾಸನಾಳಕ್ಕೆ ಜಾರುತ್ತದೆ. ಒಮ್ಮೆ ಜೋರಾಗಿ ಕೆಮ್ಮಿ ಬಳಿಕ ಸುಮ್ಮನಾಗುತ್ತದೆ. ಕಾಳು ಹೊಟ್ಟೆಗಿಳಿಯಿತೆಂದು ತಾಯಿಯು ನಿಶ್ಚಿಂತಳಾಗುವಳು. ಕೆಲವು ದಿನಗಳಲ್ಲಿ ಕೆಮ್ಮು, ಉಬ್ಬಸ, ಜ್ವರ! ಕ್ಷ-ಕಿರಣದ ಚಿತ್ರದಲ್ಲಿ ಮುದುಡಿದ ಪುಪ್ಪುಸ ಕಂಡೀತು, ಶೇಂಗಾ ಕಾಣದು. ಅದನ್ನು ವೈದ್ಯರಿಗೆ ತೋರಿಸಿಕೊಡುವುದು ತಾಯಿಯ ನೆನಪು. ಆದುದರಿಂದ, ಅಲಕ್ಷ್ಯವೆಂದು ಬೈದಾರು ಎಂಬ ಅಂಜಿಕೆಯಿಂದ ಸೊಸೆಯಂದಿರು ಆ ಸಂಗತಿಯನ್ನು ಮುಚ್ಚಿಡಬಾರದು, ಹಿರಿಯರೂ ಬೈಯಬಾರದು.

ಶ್ವಾಸನಾಳದೊಳಕ್ಕೆ ನಳಿಕೆಯನ್ನು ಇಳಿಸಿ ಸಿಕ್ಕಿದ ವಸ್ತುವನ್ನು ತೆಗೆಯುವ ವಿದ್ಯೆಯನ್ನು ಜರ್ಮನಿಯ ಗುಸ್ತಾವ್ ಕಿಲ್ಲಿಯನ್ನರು 1897ರಲ್ಲಿ ತೋರಿಸಿಕೊಟ್ಟರು. ‘ಬ್ರಾಂಕೋಸ್ಕೋಪಿ’ ಎಂಬುದು ಇದೇ. ವೇಳೆಯಲ್ಲಿ ಕಾಳು ಹೊರಬಂದರೆ ಮುದುಡಿದ ಭಾಗವು ಸಾಮಾನ್ಯವಾಗಿ ಮತ್ತೆ ಅರಳುತ್ತದೆ; ತಡವಾದರೆ ಕೀವುಗಟ್ಟಿ ಶಾಶ್ವತ ಹಾನಿಯಾಗಬಹುದು.

ಐದು ವರ್ಷ ತುಂಬುವ ತನಕ ಇಡಿಯ ಶೇಂಗಾ, ಪುಟಾಣಿಗಳನ್ನು ಮಕ್ಕಳ ಕೈಗೆ ಕೊಡಲಾಗದು. ನುಣ್ಣಗೆ ಕುಟ್ಟಿ ಹೋಳಿಗೆಯಲ್ಲಿ ಕೊಡಬಹುದು. ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ದನಿಯೇ ನಿಂತರೆ ತಲೆ ತಗ್ಗಿಸಿ ಹಿಡಿದು, ಹೆಗಲೆಲುಬುಗಳ ನಡುವೆ ಅಂಗೈಯಿಂದ 5 ಸಲ ಬಲವಾಗಿ ಗುದ್ದಿರಿ. ಇನ್ನೊಬ್ಬರು ಆಗಲೇ 108ಕ್ಕೆ ಕರೆ ಮಾಡಲಿ. ಕಾಣದ ಕಾಳಿಗಾಗಿ ಗಂಟಲಲ್ಲಿ ಬೆರಳಾಡಿಸಬೇಡಿರಿ. ಕೆಮ್ಮು ನಿಂತು ಕೂಸು ಆಡತೊಡಗಿದರೂ ಅದೇ ದಿನ ವೈದ್ಯರಿಗೆ ತೋರಿಸಿ, ನಡೆದುದನ್ನು ನಡೆದಂತೆಯೇ ಹೇಳಿರಿ.