ಸೋರುವ ದೋಣಿ

ಹೊಳವನಹಳ್ಳಿಯ ಸುತ್ತಿನಲ್ಲಿ ನೀರು ಒಸರುವುದೆಂದರೆ ಭಾಗ್ಯ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಸೀಮೆಯ ಮರಳುನೆಲದಲ್ಲಿ ಕೆಲವೇ ಅಡಿ ಅಗೆದೊಡನೆ ಉಕ್ಕುವ ಬುಗ್ಗೆಗೆ ತಲಪರಿಗೆಯೆಂದು ಹೆಸರು. ಹಿಂದಿನವರು ಕಾಲುವೆ ತೋಡಿ ಅದನ್ನು ಹೊಲಗದ್ದೆಗಳಿಗೆ ಹರಿಸಿದರು. ದೋಣಿಯಲ್ಲಾದರೋ ಒಸರು ಅಪಾಯದ ಮುನ್ಸೂಚನೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿದ್ದು ತೊಗಲು ಹೊದಿಸಿದ ಹರಿಗೋಲುಗಳಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಅಗಲವಾದ ತಳವೇ ಹರಿಗೋಲಿನ ಬಲ. ಹಾಯಿದೋಣಿಯ ಸ್ಥಿತಿ ಬೇರೆ. ಗಾಳಿ ಹಾಯಿಯನ್ನು ನೂಕಿದಂತೆಲ್ಲ ದೋಣಿ ಪಕ್ಕಕ್ಕೆ ವಾಲುತ್ತದೆ; ಅದನ್ನು ತಡೆಯಲು ತಳದಲ್ಲಿ ಭಾರವಿರಬೇಕು. ಬರಿದಾದ ಚೊಂಬನ್ನು ತೊಟ್ಟಿಯಲ್ಲಿ ತೇಲಬಿಟ್ಟರೆ ವಾಲುತ್ತದೆ. ಕಾಲುಭಾಗ ನೀರು ತುಂಬಿದರೆ ನೆಟ್ಟಗೆ ನಿಲ್ಲುತ್ತದೆ. ಹಿಂದೆ ಈ ಅಡಿಭಾರಕ್ಕೆ ಕಲ್ಲು, ಮರಳು, ಸೀಸಗಳನ್ನು ಬಳಸುತ್ತಿದ್ದರು. ಮೋಟಾರಿನ ಹಿಂದೆ ಕಟ್ಟಿ ಒಯ್ಯುವ ಇಂದಿನ ಕೆಲವು ಪುಟ್ಟ ದೋಣಿಗಳಲ್ಲಿ ತಳದ ತೊಟ್ಟಿಗೆ ನೀರನ್ನೇ ತುಂಬುತ್ತಾರೆ. ದಡಕ್ಕೆ ಬಂದೊಡನೆ ಬರಿದು ಮಾಡಿದರೆ ದೋಣಿ ಹಗುರ.

ಈ ತೊಟ್ಟಿ ಸೋರಿದರೆ ಭಾರ ತಗ್ಗುವುದಷ್ಟೇ ಅಲ್ಲ. ತಟ್ಟೆಯಲ್ಲಿ ನೀರು ಹೊತ್ತು ನಡೆದವರಿಗೆ ಗೊತ್ತು: ತಟ್ಟೆ ತುಸು ಓರೆಯಾದರೆ ನೀರೆಲ್ಲ ಅತ್ತಲೇ ಧಾವಿಸುತ್ತದೆ. ಅರೆತುಂಬಿದ ತೊಟ್ಟಿಯ ನೀರೂ ಹಾಗೆಯೇ ವಾಲಿದ ಕಡೆಗೆ ಹರಿದು ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೇಬ್ರುಗೆ ಬಂದರಿನ ಬಳಿ, ಮುಂಬಾಗಿಲು ತೆರೆದೇ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗಿನ ವಾಹನದ ಅಟ್ಟಕ್ಕೆ ಸಮುದ್ರ ನುಗ್ಗಿ, ಹೀಗೆ ಹರಿದಾಡಿದ ನೀರಿನಿಂದಲೇ ಹಡಗು ಮಗುಚಿತು. 193 ಜನ ಪ್ರಾಣ ತೆತ್ತರು.

ಸೋರಿಕೆಯನ್ನು ಹುಡುಕಲು ದಡವೇ ತಕ್ಕ ಸ್ಥಳ. ದೋಣಿಯ ಒಳಹೊರಗುಗಳನ್ನು ಚೆನ್ನಾಗಿ ಒರೆಸಿ, ತೊಟ್ಟಿಗೆ ಬಣ್ಣ ಕಲಸಿದ ನೀರು ತುಂಬಿ, ಕೆಲವು ಗಂಟೆ ಕಾಯಬೇಕು. ಹೊರಮೈ ಒದ್ದೆಯಾದರೆ ತಳದ ಬಿರುಕನ್ನೋ ನೀರು ಬಿಡುವ ಕವಾಟವನ್ನೋ ಶಂಕಿಸಬೇಕು. ಒಳಗೆ ಒದ್ದೆಯಾದರೆ ಮುಚ್ಚಳದ ರಬ್ಬರ್ ವಾಷರ್, ಗಾಳಿಕೊಳವೆಯ ಬೆಸುಗೆ, ತೊಟ್ಟಿಯ ಗೋಡೆಯ ಸಂದುಗಳನ್ನು ನೋಡಬೇಕು. ಒಳಗಿನ ನೀರಿನಲ್ಲಿ ಬಣ್ಣವೇ ಇಲ್ಲದಿದ್ದರೆ ದೋಷ ತೊಟ್ಟಿಯದಲ್ಲ, ಮೇಲಿನಿಂದ ಇಳಿದ ಮಳೆಯದಿರಬಹುದು.

ಸೈಕಲ್ ಟ್ಯೂಬಿನ ತೂತು ಹುಡುಕುವಂತೆ ಬರಿದಾದ ತೊಟ್ಟಿಗೆ ಗಾಳಿ ತುಂಬಿ, ಸಂದುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ನೋಡುವುದೂ ಉಂಟು. ಆದರೆ ಇಲ್ಲಿ ಆತುರ ಸಲ್ಲದು. ಚದರ ಅಂಗುಲಕ್ಕೆ ಒಂದೇ ಪೌಂಡು ಒತ್ತಡವಾದರೂ ಒಂದು ಚದರ ಮೀಟರ್ ಗೋಡೆಯ ಮೇಲೆ ಸುಮಾರು 700 ಕಿಲೋಗ್ರಾಂ ಭಾರ ಬೀಳುತ್ತದೆ. ತೂತು ಹುಡುಕಹೋಗಿ ತೊಟ್ಟಿಯನ್ನೇ ಒಡೆದಂತಾದೀತು. ಬಾಯಿಂದ ಊದಿದಷ್ಟು ಮೆಲುಗಾಳಿ ಸಾಕು.

ತೂತು ಸಿಕ್ಕೊಡನೆ ಮೇಲೆ ಏನನ್ನಾದರೂ ಮೆತ್ತುವುದು ವ್ಯರ್ಥ. ಹಳೆಯ ವಾಷರನ್ನು ತೆಗೆದು ಹೊಸದನ್ನು ಹಾಕಬೇಕು. ಗೋಡೆ ಬಿರಿದಿದ್ದರೆ ದಿನಗಟ್ಟಲೆ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಗಾಜುನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ತೋಯಿಸಿ ಅಂಟಿಸಬೇಕು. ತೇವವಿದ್ದರೆ ಅಂಟು ಹಿಡಿಯದು. ಕೈ ಹೋಗುವಂತಿದ್ದರೆ ತೇಪೆಯನ್ನು ತೊಟ್ಟಿಯ ಒಳಮೈಗೆ ಹಾಕುವುದು ಲೇಸು. ಒಳಗಿನ ನೀರೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ.

ಅನಂತರ ಮತ್ತೊಮ್ಮೆ ತುಂಬಿ, ಒಂದು ರಾತ್ರಿ ಬಿಟ್ಟು ನೋಡಬೇಕು. ಬೆಳಗ್ಗೆ ನೀರಿನ ಮಟ್ಟ ಇಳಿದಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಮನೆಯ ಮಕ್ಕಳನ್ನು ದೋಣಿಗೆ ಹತ್ತಿಸಬೇಕು.