ನಮ್ಮ ರಕ್ತದ ಲೆಕ್ಕ ಕೊಡಿ



ಹೋದ ತಿಂಗಳು ಅಮಾವಾಸ್ಯೆಯ ಮಾರನೇ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಒಂಬತ್ತು ಹುಡುಗರ ಕಾಲು ಬಿದ್ದವು. ಬಿದ್ದವು ಅಂದರೆ ಬೇರೆ ಮಾತಿಲ್ಲ. ಊಟ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದವರು ಹತ್ತಲಾರದೆ ಅಲ್ಲೇ ಕೂತರು. ಮೀನಖಂಡ ಜೋಮು, ತೊಡೆಯಲ್ಲಿ ನೋವು, ಎದ್ದು ನಿಂತರೆ ನಡುಕ. ಒಬ್ಬ ಕಬಡ್ಡಿ ಆಡುವ ಹುಡುಗ, ತಾಲ್ಲೂಕಿಗೆ ಆಡಿದವನು, ತನ್ನ ಕಾಲನ್ನ ತಾನೇ ಕೈಯಲ್ಲಿ ಎತ್ತಿ ಮಡಚಿ ಇಟ್ಟುಕೊಳ್ಳುತ್ತಿದ್ದ. ಅದನ್ನು ನೋಡಿದ ಮೇಲೆ ಉಳಿದವರಿಗೂ ಕಾಲು ಇದೆಯೋ ಇಲ್ಲವೋ ಅನ್ನೋ ಭಯ ಹತ್ತಿತು. ವಾರ್ಡನ್ ಫೋನ್ ಎತ್ತಲಿಲ್ಲ. ಅಡುಗೆಯವರ ಅಳಿಯನ ಆಟೋ, ಇನ್ನೊಂದು ಗೂಡ್ಸ್ ಗಾಡಿ, ಎರಡರಲ್ಲಿ ತುಂಬಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿ ಕೇಳಿದ ಮೊದಲ ಪ್ರಶ್ನೆ: 'ಯಾವ ಹಾಸ್ಟೆಲ್?'

ಹೇಳಿದೆವು. ಹೇಳಿದ ಮೇಲೆ ಮುಖದಲ್ಲಿ ಆಗುವ ಆ ಸಣ್ಣ ಬದಲಾವಣೆ ನಿಮಗೆಲ್ಲ ಗೊತ್ತಿರೋದೇ. ಕನ್ನಡದಲ್ಲಿ ಅದಕ್ಕೆ ಪದ ಇಲ್ಲ. ಇದ್ದರೂ ನಿಘಂಟು ಬರೆದವರಿಗೆ ಬೇಕಾಗಿರಲಿಲ್ಲ.

ಎರಡನೇ ಪ್ರಶ್ನೆ: 'ಏನ್ ತಿಂದ್ರಿ?'

ಅನ್ನ, ಸಾರು, ಕೋಸಿನ ಪಲ್ಯ. 'ಅದಲ್ಲ, ಹೊರಗಡೆ ಏನ್ ತಿಂದ್ರಿ? ನಿಜ ಹೇಳಿ.' ನಾವು ಹೇಳಿದ್ದು ನಿಜವೇ. ಆದರೆ ಅವರಿಗೆ ಬೇಕಾದ ನಿಜ ಬೇರೆ ಇತ್ತು. ನಮ್ಮ ಹೊಟ್ಟೆಯಲ್ಲಿ ಏನೋ ಹೇಸಿಗೆ ಇದ್ದೇ ಇರಬೇಕು, ಅದನ್ನು ನಾವು ಮುಚ್ಚಿಡುತ್ತಿದ್ದೇವೆ, ಇದು ಅವರ ರೋಗನಿದಾನ. ಕಾಲು ನೋಯುತ್ತಿದೆ ಅಂದವರ ಕಾಲನ್ನು ಡಾಕ್ಟರು ಮುಟ್ಟಲಿಲ್ಲ. ಮೇಜಿನ ಆಚೆ ಕಡೆಯಿಂದಲೇ ಒಂಬತ್ತು ಚೀಟಿ ಬರೆದರು, ಒಂಬತ್ತಕ್ಕೂ ಅದೇ ಮಾತ್ರೆ. ಒಬ್ಬ ಸಿಸ್ಟರು ಮಾತ್ರ, ಬೆಳಗಿನ ಜಾವ ಡ್ಯೂಟಿ ಬದಲಾದಾಗ ಬಂದವರು, ಪ್ರತಿಯೊಬ್ಬನ ಪಾದ ಹಿಡಿದು ಹೆಬ್ಬೆರಳು ಒತ್ತಿ 'ಇಲ್ಲಿ ಗೊತ್ತಾಗುತ್ತಾ ಮಗಾ, ಇಲ್ಲಿ?' ಅಂತ ಕೇಳಿದರು. ಅವರ ಹೆಸರು ಕೇಳೋದು ಮರೆತೆವು. ಅದು ನಮ್ಮ ತಪ್ಪು.

ರಕ್ತ ತೆಗೆದರು. ಮೊದಲ ದಿನ ಎರಡು ಟ್ಯೂಬು, ಎರಡನೇ ದಿನ ಮತ್ತೊಂದು. ಮೂರನೇ ದಿನ 'ಪರೀಕ್ಷೆ ಹತ್ತಿರ ಬಂತಲ್ಲ, ಭಯ ಬಿದ್ದಿದೀರಿ, ಒಬ್ಬನನ್ನ ನೋಡಿ ಇನ್ನೊಬ್ಬನಿಗೆ' ಅಂತ ನಕ್ಕು ಮನೆಗೆ ಕಳಿಸಿದರು. ಎಂಟು ಜನ ನಡೆದುಕೊಂಡು ಬಂದೆವು. ಕಬಡ್ಡಿಯವನು ಇವತ್ತಿಗೂ ಗೋಡೆ ಹಿಡಿದು ಕಕ್ಕಸಿಗೆ ಹೋಗುತ್ತಾನೆ.

ರಿಪೋರ್ಟು? ಲ್ಯಾಬಿಗೆ ಹೋದರೆ ವಾರ್ಡಿಗೆ ಹೋಗಿ ಅಂದರು. ವಾರ್ಡಿನಲ್ಲಿ ಆಫೀಸಿಗೆ ಹೋಗಿ ಅಂದರು. ಆಫೀಸಿನಲ್ಲಿ ಕಂಪ್ಯೂಟರ್ ಕೆಟ್ಟಿತ್ತು. ಮುಂದಿನ ಸಲ ಕಂಪ್ಯೂಟರ್ ಸರಿಯಿತ್ತು, ಕೂರುವವರು ರಜೆಯಲ್ಲಿದ್ದರು. ನಾಲ್ಕನೇ ಸಲ ಹೋದಾಗ 'ರಿಪೋರ್ಟ್ ಇಟ್ಕೊಂಡು ನೀವೇನ್ ಮಾಡ್ತೀರಿ, ಡಾಕ್ಟರಾ ನೀವು?' ಅಂದರು.

ಡಾಕ್ಟರಲ್ಲ. ನಾವು ಬಿ.ಎ. ಓದಿದವರು, ಓದುತ್ತಿರುವವರು. ಐಚ್ಛಿಕ ಕನ್ನಡ, ಇತಿಹಾಸ, ಸಮಾಜಶಾಸ್ತ್ರ. ಒಂದಿಬ್ಬರು ಕವಿತೆ ಬರೆಯೋ ಚಟದವರು. ಅಕ್ಷರ ಓದೋಕೆ ಬರುತ್ತೆ. ಆದ್ದರಿಂದ ರಿಪೋರ್ಟು ಸಿಗದ ಸಿಟ್ಟಿನಲ್ಲಿ ಲೈಬ್ರರಿಗೆ ಹೋಗಿ ಕೂತೆವು. ಹುಡುಕಿದ್ದು ನಮ್ಮ ಕಾಲಿನ ಕಾರಣ. ಸಿಕ್ಕಿದ್ದು ಹಂದಿಗೋಡು.

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಹಂದಿಗೋಡು. 1974-75ರ ಹೊತ್ತಿಗೆ ಆ ಊರಿನ ದಲಿತರ ಕೇರಿಯಲ್ಲಿ ಸೊಂಟ ಹಿಡಿದುಕೊಂಡು, ಮಂಡಿ ಹಿಡಿದುಕೊಂಡು ನಡೆಯುವವರು, ನಡೆಯಲಾಗದೆ ತೆವಳುವವರು ಇದ್ದಾರೆ ಅನ್ನೋದು ಹೊರಜಗತ್ತಿನ ಕಣ್ಣಿಗೆ ಬಿತ್ತು. ಚನ್ನಂಗಿ ಮತ್ತು ಚಲವಾದಿ ಜನ. ಬೇರೆಯವರ ಗದ್ದೆಯಲ್ಲಿ ನಾಟಿ ಮಾಡುವ, ಕೊಯ್ಯುವ ಕೂಲಿಗಳು. ಮಕ್ಕಳಾಗಿದ್ದಾಗ ಓಡಾಡಿಕೊಂಡಿದ್ದವರಿಗೆ ಬೆಳೆಯುತ್ತಾ ಬೆಳೆಯುತ್ತಾ ಸೊಂಟದ ಕೀಲು ಸವೆದು ನೋವು ಶುರುವಾಗುತ್ತಿತ್ತು. ಕೆಲವರು ಕುಳ್ಳಗೇ ಉಳಿದರು. ಬಗ್ಗಿ ನಾಟಿ ಮಾಡಿ ತಿನ್ನುವವರಿಗೆ ಸೊಂಟ ಹೋದರೆ ಇನ್ನೇನು ಉಳಿಯುತ್ತೆ? ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಹಳ್ಳಿಗಳಲ್ಲಿ ಇದು ಇದೆ ಅಂತ ಆಮೇಲೆ ಗೊತ್ತಾಯಿತು.

ಇಸವಿ ಗಮನಿಸಿ. 1974. ಅದೇ ಜಿಲ್ಲೆಯ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಲು ನಿಂತ ಕಾಲ. ಎದ್ದು ನಿಲ್ಲಿ ಅಂತ ಒಂದು ಕಡೆ ಕೂಗು, ಎದ್ದು ನಿಲ್ಲಲಾಗದ ಜನ ಇನ್ನೊಂದು ಕಡೆ. ಇದನ್ನು ಕವಿತೆ ಮಾಡೋದು ಸುಲಭ. ಮಾಡೋದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದರು. ನೋಡಿದರು, ಎಕ್ಸ್‌ರೇ ತೆಗೆದರು. 1977ರಲ್ಲಿ ಅವರು ಪ್ರಕಟಿಸಿದ ಬರಹದಲ್ಲಿ ಇದಕ್ಕಿಟ್ಟ ಹೆಸರು ಮಲೆನಾಡಿನ ಕೌಟುಂಬಿಕ ಸಂಧಿವಾತ ಅನ್ನೋ ಅರ್ಥದ್ದು. ಅಂದರೆ ಮನೆತನದಲ್ಲಿ ಹರಿದು ಬರುತ್ತೆ ಅನ್ನೋದು ಆಗಲೇ ಕಂಡಿತ್ತು. ಆದರೆ ಜನರ ಬಾಯಿಗೆ ಬಿದ್ದದ್ದು ಬೇರೆ ಕಥೆ: ಏಡಿ. ಗದ್ದೆಗೆ ಎಂಡ್ರಿನ್, ಪ್ಯಾರಾಥಿಯಾನ್ ಹೊಡೆಯುತ್ತಿದ್ದರು, ಆ ನೀರಿನ ಏಡಿ ಮೀನು ಇವರು ತಿಂದರು, ಅದಕ್ಕೇ ಹೀಗಾಯಿತು ಅನ್ನೋ ಅನುಮಾನ.

ಇಲ್ಲಿ ನಿಲ್ಲಿ, ಗೆಳೆಯರೇ. ಆ ಅನುಮಾನ ಪಟ್ಟದ್ದು ತಪ್ಪಲ್ಲ. ವಿಜ್ಞಾನ ಅನುಮಾನದಿಂದಲೇ ನಡೆಯೋದು. ಆದರೆ ಆ ವಾಕ್ಯದಲ್ಲಿ ಇಬ್ಬರಿದ್ದಾರೆ. ವಿಷ ಹೊಡೆಸಿದವನು ಒಬ್ಬ, ಏಡಿ ತಿಂದವನು ಒಬ್ಬ. ಇವತ್ತಿಗೂ ಹಂದಿಗೋಡಿನ ಮಾತೆತ್ತಿದರೆ 'ಏಡಿ ತಿಂದು ಬರೋ ಕಾಯಿಲೆ ಅಲ್ವಾ?' ಅಂತಾರೆ. 'ಗದ್ದೆಗೆ ವಿಷ ಹೊಡೆದು ಬರೋ ಕಾಯಿಲೆ ಅಲ್ವಾ?' ಅಂತ ಅಂದವರನ್ನ ನಾವಿನ್ನೂ ನೋಡಿಲ್ಲ. ವಿಷದ ಡಬ್ಬಿ ಮಾಯ, ಏಡಿ ಮಾತ್ರ ನಮ್ಮ ತಟ್ಟೆಯಲ್ಲಿ ಇನ್ನೂ ಕಾಲು ಆಡಿಸುತ್ತಾ ಕೂತಿದೆ. ಕೂಲಿಯವರಿಗೆ ದುಡ್ಡಿಲ್ಲದೆ ಸಿಗುತ್ತಿದ್ದ ಒಂದೇ ಮಾಂಸ ಅದು. 'ಹೊರಗಡೆ ಏನ್ ತಿಂದ್ರಿ?' ಅನ್ನೋ ಪ್ರಶ್ನೆಗೆ ಸುಮಾರು ಐವತ್ತು ವರ್ಷ ವಯಸ್ಸು.

ಆಮೇಲೆ ದಿಲ್ಲಿಯ ವೈದ್ಯಕೀಯ ಸಂಶೋಧನಾ ಮಂಡಳಿ, ಲಖನೌ ಸಂಸ್ಥೆಯ ತಳಿವಿಜ್ಞಾನಿಗಳು, ಹೀಗೆ ತಂಡಗಳು ಬಂದು ಕೆಲಸ ಮಾಡಿದವು. 1990ರ ದಶಕದ ಹೊತ್ತಿಗೆ ಚಿತ್ರ ತಿಳಿಯಾಯಿತು. ಇದು ಮೂಳೆ ಬೆಳೆಯುವ ಕ್ರಮದಲ್ಲೇ ಇರುವ ದೋಷ, ವಂಶವಾಹಿಯಲ್ಲಿ ಬರೋದು. ತಂದೆ ಅಥವಾ ತಾಯಿ, ಯಾರಾದರೂ ಒಬ್ಬರಲ್ಲಿ ಇದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಷ್ಟು ಕಂಡುಹಿಡಿದದ್ದು ದೊಡ್ಡ ಕೆಲಸವೇ. ಅದನ್ನ ನಾವು ಹಗುರ ಮಾಡೋದಿಲ್ಲ.

ಆದರೆ ಏಡಿಯ ಜಾಗಕ್ಕೆ ಈಗ ಬಂದು ಕೂತಿರೋ ಮಾತು ಕೇಳಿ: 'ಅವರವರಲ್ಲೇ ಮದುವೆ ಆಗ್ತಾರೆ, ಅದಕ್ಕೇ.' ಇದನ್ನ ನಮಗೆ ಹೇಳಿದವರು ಓದಿದವರೇ, ಸೈನ್ಸ್ ಪಾಠ ಮಾಡುವವರೇ. ಮೊದಲನೆಯದಾಗಿ ಲೆಕ್ಕವೇ ತಪ್ಪು. ಒಬ್ಬರಿಂದಲೇ ದಾಟಿ ಬರೋ ದೋಷಕ್ಕೆ ಅಕ್ಕನ ಮಗಳು, ಸೋದರಮಾವ ಬೇಕಿಲ್ಲ, ಸಾವಿರ ಮೈಲಿ ಆಚೆಯ ಹುಡುಗಿಯನ್ನು ತಂದರೂ ಅದು ಬರುತ್ತೆ. ಮತ್ತೆ ಅದು ಎರಡು ಕೇರಿಗಳ ಒಳಗೇ ಯಾಕೆ ಸುತ್ತುತ್ತಿದೆ? ಕೇರಿಯ ಸುತ್ತ ಬೇಲಿ ಹಾಕಿದ್ದು ಯಾರು? ಜಾತಿ ಅಂದರೆ ಒಳಗೊಳಗೇ ಮದುವೆ, ಅದೇ ಅದರ ಬೇರು ಅಂತ ಬಾಬಾಸಾಹೇಬರು ಇಪ್ಪತ್ತೈದು ವಯಸ್ಸಿನಲ್ಲಿ, 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲೇ ತೋರಿಸಿದ್ದರು. ನಮ್ಮ ಹುಡುಗ ಮೇಲಿನ ಬೀದಿಯ ಹುಡುಗಿಯನ್ನು ನೋಡಿದರೆ ಕೊಡಲಿ ತರುವವರು ಇವರು. ನಾವು ನಮ್ಮಲ್ಲೇ ಮದುವೆಯಾದರೆ ಜೀವಶಾಸ್ತ್ರ ಹೇಳುವವರೂ ಇವರು.

ನಮಗೆ ಇನ್ನೂ ಉರಿಯೋದು ಬೇರೆ. ಕಾರಣ ಗೊತ್ತಾಗಿ ಇಷ್ಟು ವರ್ಷ ಆದ ಮೇಲೂ ಸವೆದ ಕೀಲನ್ನು ಮತ್ತೆ ಬೆಳೆಸುವ ಔಷಧಿ ಇಲ್ಲ. ನೋವಿನ ಮಾತ್ರೆ ಇದೆ, ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪ ಅನುಕೂಲ. ಔಷಧಿ ಇಲ್ಲದಿರೋದು ಯಾರ ಅಪರಾಧವೂ ಅಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ರಕ್ತ ಕೊಟ್ಟವರಿಗೆ, ಎಕ್ಸ್‌ರೇ ಮುಂದೆ ನಿಂತವರಿಗೆ, ನಿನ್ನ ಮೈಯಲ್ಲಿ ಇದಿದೆ, ಮಗುವಿಗೆ ಹೀಗೆ ಬರಬಹುದು ಅಂತ ಅವರ ಜಗಲಿಯಲ್ಲಿ ಕೂತು ಅವರ ಮಾತಿನಲ್ಲಿ ಹೇಳುವುದಕ್ಕೆ ಯಾವ ಔಷಧಿ ಬೇಕು? ತಂಡದ ವರದಿ ಇಂಗ್ಲಿಷಿನಲ್ಲಿ ಪತ್ರಿಕೆ ಸೇರುತ್ತೆ. ನಾವೇ ಪದವೀಧರರು ನಿಘಂಟು ಇಟ್ಟುಕೊಂಡು ಒಂದು ಪುಟಕ್ಕೆ ಒಂದು ಗಂಟೆ ಕೂತೆವು. ನಾಟಿ ಮಾಡೋ ಹೆಂಗಸು ಎಲ್ಲಿ ಕೂರಬೇಕು?

ಪಕ್ಕದ ಸೊರಬ ತಾಲ್ಲೂಕಿನದೂ ಒಂದು ಮಾತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತವು, ಜನ ಜ್ವರದಿಂದ ಸತ್ತರು. ಪುಣೆಯಿಂದ ವಿಜ್ಞಾನಿಗಳು ಬಂದು ಅದೇ ವರ್ಷ ವೈರಸ್ ಹಿಡಿದರು. ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಇವತ್ತಿಗೂ ಮಂಗ ಸತ್ತರೆ ಎಲ್ಲಿ ಬಿತ್ತು ಅಂತ ಇಲಾಖೆ ಬರೆದುಕೊಳ್ಳುತ್ತೆ, ಮಾದರಿ ಕಳಿಸುತ್ತೆ. ಒಳ್ಳೆಯದೇ. ಆದರೆ ಆ ಕಾಡಿಗೆ ದರಗು ಸೌದೆಗೆ ಹೋಗುವ ಜನ ವರ್ಷ ವರ್ಷ ಚುಚ್ಚಿಸಿಕೊಂಡ ಲಸಿಕೆ ಸರಿಯಾಗಿ ಕಾಯುತ್ತಿಲ್ಲ ಅಂತ ಕೊನೆಗೆ ನಿಲ್ಲಿಸಿದ್ದು 2022ರಲ್ಲಿ. ಸಾಗರದ ಅರಳಗೋಡಿನಲ್ಲಿ 2018-19ರಲ್ಲಿ ಸಾಲಾಗಿ ಹೆಣ ಬಿದ್ದ ಮೇಲೆ.

ನಮ್ಮ ಎದುರು ಒಂದು ವಾದ ಬರುತ್ತೆ. ಒಬ್ಬ ಡಾಕ್ಟರು ನೂರು ಜನರನ್ನ ನೋಡಬೇಕು, ರಾತ್ರಿಯೆಲ್ಲ ನಿದ್ದೆ ಇಲ್ಲ, ಎಲ್ಲರಿಗೂ ಹೀಗೇ ಮಾಡ್ತಾರೆ, ಎಲ್ಲದಕ್ಕೂ ಜಾತಿ ತರಬೇಡಿ ಅಂತ. ನಮ್ಮ ನಡುವೆಯೇ ಇಬ್ಬರು ಹೀಗೆ ವಾದ ಮಾಡಿದರು, ಅರ್ಧ ರಾತ್ರಿ ಜಗಳ ಆಯಿತು. ಡಾಕ್ಟರಿಗೆ ನಿದ್ದೆ ಇಲ್ಲ ಅನ್ನೋದು ನಿಜ. ನಾವು ಕಣ್ಣಾರೆ ನೋಡಿದೆವು, ಬರೆಯುತ್ತಾ ಬರೆಯುತ್ತಾ ತೂಕಡಿಸುತ್ತಿದ್ದರು. ಆದರೆ ಅದೇ ತೂಕಡಿಕೆಯಲ್ಲೇ, ಪಕ್ಕದ ಮಂಚದಲ್ಲಿ ಬೈಕಿನಿಂದ ಬಿದ್ದು ಬಂದಿದ್ದ ಅಂಗಡಿಯವರ ಮಗನ ಮಂಡಿಯನ್ನು ಅದೇ ಡಾಕ್ಟರು ಎರಡೂ ಕೈಯಿಂದ ಹಿಡಿದು ಮಡಚಿ ಬಿಡಿಸಿ ನೋಡಿದರು. ಕೈಗೆ ನಿದ್ದೆ ಬಂದಿರಲಿಲ್ಲ.

ಈ ಕೈಯ ಕಥೆ ಹಳೆಯದು. 1929ರಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಹೆಂಡತಿ ಹೆರಿಗೆಯಾಗಿ ಜ್ವರ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರಲ್ಲ ಅಂದ. ಬಾಣಂತಿಯನ್ನೇ ಹೊರಗೆ ತರಿಸಿದರು. ಥರ್ಮಾಮೀಟರನ್ನು ಅವನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಮುಸ್ಲಿಮ ಗಂಡನ ಕೈಗೆ, ಗಂಡ ಹೆಂಡತಿಗೆ. ಬಂದ ದಾರಿಯಲ್ಲೇ ವಾಪಸ್ಸು. ಅವಳು ಸತ್ತಳು. ಮೇಷ್ಟ್ರು ಬರೆದ ಕಾಗದ ಆ ವರ್ಷದ ಡಿಸೆಂಬರಿನಲ್ಲಿ ಗಾಂಧಿಯವರ ಯಂಗ್ ಇಂಡಿಯಾದಲ್ಲಿ ಬಂತು. ಬಾಬಾಸಾಹೇಬರು ಅದನ್ನು ತಮ್ಮ ನೆನಪುಗಳ ಬರಹದಲ್ಲಿ ಎತ್ತಿಕೊಂಡರು. ಈಗ ಮೂರನೆಯವನು ಬೇಡ. ಮೇಜು ಇದೆ, ಚೀಟಿ ಇದೆ, ಪೆನ್ನು ಇದೆ.

ಕಾನೂನು ಇಲ್ವಾ? ಇದೆ. ಅಸ್ಪೃಶ್ಯತೆಯ ವಿರುದ್ಧದ 1955ರ ಕಾಯ್ದೆಯ 5ನೇ ಸೆಕ್ಷನ್ನು ಆಸ್ಪತ್ರೆಗೆ ಸೇರಿಸದಿರೋದಕ್ಕೂ ಶಿಕ್ಷೆ ಹೇಳುತ್ತೆ, ಸೇರಿಸಿಕೊಂಡ ಮೇಲೆ ಭೇದ ಮಾಡೋದಕ್ಕೂ ಹೇಳುತ್ತೆ. ಮುಟ್ಟದ ಕೈಯನ್ನ ಕೋರ್ಟಿನಲ್ಲಿ ಹೇಗೆ ತೋರಿಸೋದು ಅನ್ನೋದು ಮಾತ್ರ ಯಾವ ವಕೀಲರೂ ಹೇಳಲಿಲ್ಲ. ಆದರೆ ಇನ್ನೊಂದು ನಿಯಮ ಸಿಕ್ಕಿತು, ಇದು ನಮಗೆ ಹೊಸದು, ನಿಮಗೂ ಹೊಸದಿರಬಹುದು. ವೈದ್ಯರ ನಡತೆಗೆ ಅಂತ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಗಳ ಪ್ರಕಾರ ರೋಗಿಯೋ ರೋಗಿಯ ಕಡೆಯವರೋ ದಾಖಲೆ ಕೇಳಿದರೆ ಕೇಳಿದ್ದಕ್ಕೆ ಸ್ವೀಕೃತಿ ಕೊಡಬೇಕು, 72 ಗಂಟೆಯೊಳಗೆ ದಾಖಲೆ ಕೊಡಬೇಕು. 'ಡಾಕ್ಟರಾ ನೀವು?' ಅಂತ ಕೇಳಿ ಕಳಿಸುವ ಹಾಗಿಲ್ಲ. ನಾವು ನಾಲ್ಕು ಸಲ ಹೋದದ್ದು ಬಾಯಿಮಾತಿಗೆ. ಒಂದು ಸಲವೂ ಬರೆದು ಕೊಟ್ಟಿರಲಿಲ್ಲ. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಬರೆಯುವ ನಾವು, ಕೌಂಟರಿನ ಮುಂದೆ ಅನಕ್ಷರಸ್ಥರಾಗಿ ನಿಂತು ಬಂದಿದ್ದೆವು.

ನಿಮ್ಮ ಕಾಲಿಗೆ ಏನಾಯಿತು ಅಂತ ಗೊತ್ತಾಗಲಿಲ್ಲ ಅಂತ ಅವರು ಹೇಳಿದ್ದರೆ ನಾವು ಸುಮ್ಮನಿರುತ್ತಿದ್ದೆವಾ? ಇರುತ್ತಿದ್ದೆವು ಅಂತ ಅನಿಸುತ್ತೆ. ಗೊತ್ತಿಲ್ಲ ಅನ್ನೋ ಮಾತಿಗೆ ನಾವು ಹೆದರೋರಲ್ಲ, ನಮ್ಮ ಅಪ್ಪ ಅಮ್ಮ ಅದರ ಜೊತೆಗೇ ಬದುಕಿದವರು. ಗೊತ್ತಿಲ್ಲ ಅನ್ನೋ ಖಾಲಿ ಜಾಗಕ್ಕೆ ನಮ್ಮ ಊಟ, ನಮ್ಮ ಮದುವೆ, ನಮ್ಮ ಹೇಡಿತನ ತಂದು ತುಂಬಿದರಲ್ಲ, ಅದಕ್ಕೆ ಈ ಕಾಗದ. ಕಬಡ್ಡಿಯವನ ಅವ್ವ ಊರಿಂದ ಬಂದು ಅವನ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ 'ಡಾಕ್ಟ್ರು ಏನಂದ್ರಪ್ಪ?' ಅಂತ ಕೇಳಿದಳು. 'ಪರೀಕ್ಷೆ ಭಯ ಅಂದ್ರು' ಅಂತ ಹೇಳೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಬರುವ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ದೊಡ್ಡಾಸ್ಪತ್ರೆಯ ಗೇಟಿನ ಹೊರಗಿನ ಹುಣಸೆ ಮರದಡಿ ಸೇರುತ್ತೇವೆ. ಒಂಬತ್ತು ಅರ್ಜಿ ಕನ್ನಡದಲ್ಲಿ ಬರೆದು ಇಟ್ಟಿದೆ. ಸೀಲು ಹಾಕಿಸಿಕೊಂಡು 72 ಗಂಟೆ ಎಣಿಸುತ್ತೇವೆ. ಬೇರೆ ಹಾಸ್ಟೆಲಿನವರು, ಹುಡುಗಿಯರ ಹಾಸ್ಟೆಲಿನವರು, ಇಂಥದ್ದೇ ಚೀಟಿ ಇಟ್ಟುಕೊಂಡಿದ್ದರೆ ತನ್ನಿ, ಹರಿದಿದ್ದರೂ ಪರವಾಗಿಲ್ಲ. ಕಾರ್ಬನ್ ಪೇಪರ್ ಇದ್ದವರು ನಾಲ್ಕು ಹಾಳೆ ಹೆಚ್ಚಿಗೆ ತನ್ನಿ. ಕಬಡ್ಡಿಯವನು ನಾನೂ ಬರ್ತೀನಿ ಅಂತಿದಾನೆ. ಅವನನ್ನ ಕೂರಿಸೋಕೆ ಆಟೋ ಬೇಕು, ಖರ್ಚಿಗೆ ಈ ಪತ್ರಿಕೆ ಮಾರುವವರ ಹತ್ತಿರ ಒಂದು ಡಬ್ಬಿ ಇದೆ.

ಜೈ ಭೀಮ್.